ತಾಡಪತ್ರಿಯಷ್ಟು ಜಾಗದಲ್ಲಿ ಹೆಲಿಕಾಪ್ಟರ್

"ಯವ್ವಾ, ಸಣ್ಣ ಹಡಗಿನ್ಯಾಗ ನಾ ಹೆಲಿಕಾಪ್ಟರ್ ಇಳಿಸೋ ಜಾಗ ಇಷ್ಟ ನೋಡು," ಎಂದ ನನ್ನ ಗೆಳೆಯ ಸಿದ್ದಪ್ಪ, ಮಾನ್ವಿಯ ತಮ್ಮ ಕಣದಲ್ಲಿ ಕಾಳು ಒಣಗಿಸಲು ಹಾಸಿದ್ದ ಖಾಲಿ ತಾಡಪತ್ರಿಯ ಮೇಲೆ ನಿಂತು. ನಾನೂ ಅಲ್ಲೇ ಇದ್ದೆ. ಎಂಬತ್ತರ ದಶಕವದು. ನೌಕಾಪಡೆಯಲ್ಲಿ ಪೈಲಟ್ ಆಗಿದ್ದ ಅವನು ರಜೆಗೆ ಬಂದಿದ್ದ; ಮುಂದೆ ದೊಡ್ಡ ಹಡಗೋ ಸಣ್ಣದೋ ಎಂದು ಅವನೇ ಆರಿಸಿಕೊಳ್ಳಬೇಕಿತ್ತು.

ಅವನ ತಾಯಿ ತಾಡಪತ್ರಿಯ ತುದಿ ಹಿಡಿದು ಅಲ್ಲಾಡಿಸಿದರು. "ಸಮುದ್ರದಾಗ ಹಿಂಗ ಅಲ್ಲಾಡ್ತದೇನೋ?"

"ಇದಕ್ಕಿಂತ ಜೋರು."

"ಹಂಗಾದ್ರ ವಿಮಾನ ಇಳಿಯೋ ದೊಡ್ಡ ಹಡಗಿಗೇ ಹೋಗೋ ಯಪ್ಪಾ."

"ಅದು ಊರಿದ್ದಂಗ ಅದ. ಬಾಜೂಕ ಉಣ್ಣಾಕ ಕುಂತವ ಯಾರಂತ ಗೊತ್ತಿರಂಗಿಲ್ಲ. ಸಣ್ಣದ್ರಾಗ ನಾ ತಿರುಗಿ ಬರೋತನಕ ಅಡಿಗಿಯವನೂ ಉಣ್ಣಂಗಿಲ್ಲ ಬೇ."

ತಾಯಿ ತಾಡಪತ್ರಿಯ ತುದಿಯನ್ನು ಕೆಳಗೆ ಬಿಟ್ಟರು. "ಸಣ್ಣದಕ್ಕೇ ಹೋಗು. ಆದ್ರ ಅವರನ್ನ ಉಪಾಸ ಕೆಡವಬ್ಯಾಡ."

ನೆನಪು ಮಾತುಗಳನ್ನು ತಾನೇ ಹೊಸೆಯುತ್ತದೆ ಎನ್ನುವವನು ನಾನು. ಆ ಜಾಗದ ಅಳತೆಯನ್ನೂ ಪೂರ್ತಿ ನಂಬಲಾರೆ. ಆದರೆ ಮಗನನ್ನು ಅಪಾಯಕ್ಕೆ ಕಳಿಸಲು ಆ ತಾಯಿಗೆ ಅವನಿಗಾಗಿ ಉಣ್ಣದೆ ಕಾಯುವವರಿದ್ದಾರೆ ಎಂಬುದಷ್ಟೇ ಸಾಕಾಯಿತಲ್ಲ ಎಂಬ ಬೆರಗು ಇನ್ನೂ ಹೋಗಿಲ್ಲ.