ವಿಭೂತಿ ಹಚ್ಚಿಸಿಕೊಂಡ ಪಿಕಪ್

೧೯೭೪ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೆಯ ತರಗತಿ ಅರ್ಧಕ್ಕೆ ಬಂದಿತ್ತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಕಾಶಿಯಲ್ಲಿರುವ ನಮ್ಮ ಕಡೆಯ ಮಠದಲ್ಲಿ ಅಡುಗೆ ಮಾಡುತ್ತಿದ್ದ. ನನ್ನನ್ನು ಅಲ್ಲಿಯದೇ ಪಾಠಶಾಲೆಗೆ ಹಾಕುವ ಆಸೆ ಅವನಿಗೆ. ನಾನು ಸೋನಾರ್‌ಪುರ ರಸ್ತೆಯ ಗ್ಯಾರೇಜಿಗೆ ಹೋಗಿ ಪಾನಾ ಹಿಡಿದೆ. ತೊಂಬತ್ತೆರಡರ ಹೊತ್ತಿಗೆ ಅದೇ ರಸ್ತೆಯಲ್ಲಿ ನನ್ನ ಸ್ವಂತ ಗ್ಯಾರೇಜು ಇತ್ತು. ಹೇಳಿಕೊಳ್ಳಲು ಸಂಕೋಚವೇನಿಲ್ಲ, ದುಡಿದು ಮಾಡಿದ್ದು.

ಮಠಕ್ಕೊಂದು ಪಿಕಪ್ ಇತ್ತು, ಮಿಲಿಟರಿಯವರು ಹರಾಜಿಗೆ ಬಿಟ್ಟ ಹಳೆಯ ಗಾಡಿ. ಅದರ ಪೆಟ್ರೋಲ್ ಎಂಜಿನ್ನಿನ ಹೊಟ್ಟೆ ತುಂಬಿಸುವುದು ಮಠಕ್ಕೆ ದಾಸೋಹಕ್ಕಿಂತ ಭಾರವಾಗಿತ್ತು. ಅದನ್ನು ಇಳಿಸಿ, ಮಗುಚಿಬಿದ್ದ ಟ್ಯಾಕ್ಸಿಯೊಂದರ ಡೀಸೆಲ್ ಎಂಜಿನ್ ಕೂರಿಸಿದವನು ನಾನೇ. ಈ ಎಂಜಿನ್ ಹಳೆಯದಕ್ಕಿಂತ ಗೇಣುದ್ದ ಹೆಚ್ಚು. ಹಾಗಾಗಿ ರೇಡಿಯೇಟರ್ ಮುಂದೆ ಸರಿದು, ಮುಂಭಾಗದ ಜಾಲರಿಗೆ ಮೂಗು ತಾಗಿಸಿಕೊಂಡು ಕೂತಿತ್ತು.

ಆ ಬೇಸಿಗೆಯಲ್ಲಿ ಮಠದ ಮ್ಯಾನೇಜರು ಗ್ಯಾರೇಜಿಗೆ ಬಂದರು. ವಿಜಾಪುರದ ಕಡೆಯವರು, ನನ್ನನ್ನು ಚಿಕ್ಕಂದಿನಿಂದ ಬಲ್ಲವರು.

"ತಮ್ಮಾ, ನಮ್ಮ ಗಾಡಿಗೆ ಎ.ಸಿ. ಹಾಕಾಕ ಬರತೈತೇನು?"

"ಯಾರ ಸಲುವಾಗಿರಿ? ಗೋಧಿ ಚೀಲಕ್ಕ ಸೆಕೆ ಆಗಾಕತ್ತೈತೇನು?"

"ಚೇಷ್ಟೆ ಸಾಕು. ಅಜ್ಜಾರಿಗೆ."

ಅಜ್ಜಾರೆಂದರೆ ಮಠದ ಹಿರಿಯ ಸ್ವಾಮಿಗಳು. ಅವರಿಗೆ ಉಬ್ಬಸ. ಅವರೊಂದಿಗೆ ಹುಡುಗನಾಗಿ ಕಾಶಿಗೆ ಓದಲು ಬಂದಿದ್ದ ಇನ್ನೊಬ್ಬ ಸ್ವಾಮಿಗಳು ಪ್ರಯಾಗದಲ್ಲಿ ಹಾಸಿಗೆ ಹಿಡಿದಿದ್ದರು. ಹೆಚ್ಚು ದಿನ ಇಲ್ಲವೆಂದು ಸುದ್ದಿ ಬಂದಿತ್ತು. ಒಮ್ಮೆ ಮುಖ ನೋಡಿ ಬರಬೇಕೆಂದು ಅಜ್ಜಾರು ಹಟ ಹಿಡಿದಿದ್ದರು. ರೈಲು ನಿಲ್ದಾಣದ ಮೆಟ್ಟಿಲು ಅವರಿಂದ ಆಗದು. ಗಾಡಿಯಲ್ಲಿ ಹೋದರೆ, ಕಿಟಕಿ ತೆರೆದರೆ ಲೂ ಎಂಬ ಇಲ್ಲಿಯ ಬಿಸಿಗಾಳಿಯ ಜೊತೆ ಧೂಳು ಎದೆಗಿಳಿಯುತ್ತದೆ, ಮುಚ್ಚಿದರೆ ಗಾಡಿ ಒಲೆಯಾಗುತ್ತದೆ. ಕಿಟಕಿ ಮುಚ್ಚಿ ತಂಪಾಗಿ ಕರೆದೊಯ್ಯಬೇಕು. ಅದಕ್ಕೆ ಎ.ಸಿ.

"ಹಾಕ್ತೀನಿ" ಎಂದೆ. ಅದುವರೆಗೆ ಒಂದನ್ನೂ ಹಾಕಿರಲಿಲ್ಲ.

ಜಖಂ ಆದ ಕಾರೊಂದರಿಂದ ಬಿಚ್ಚಿದ ಎ.ಸಿ. ಸಾಮಾನು ಕಾನ್ಪುರದ ಗುಜರಿಯಲ್ಲಿ ಸಿಕ್ಕಿತು. ಕಂಪ್ರೆಸರ್ ಕೂರಿಸಲು ಆ ಎಂಜಿನ್ನಿನಲ್ಲಿ ಜಾಗವೇ ಇಲ್ಲ. ದಪ್ಪ ತಗಡು ಕತ್ತರಿಸಿ ಬ್ರಾಕೆಟ್ ಮಾಡಿದೆ. ಮೊದಲ ಸಲ ಶುರು ಮಾಡಿದಾಗ ಬೆಲ್ಟು ಹಂದಿಯಂತೆ ಕಿರುಚಿ ಕಳಚಿ ಹಾರಿತು. ಪುಲ್ಲಿಗಳು ಕೂದಲೆಳೆಯಷ್ಟು ಓರೆಯಾಗಿದ್ದರೂ ಅದು ಸಹಿಸುವುದಿಲ್ಲ. ದಾರ ಎಳೆದು ನೋಡುವುದು, ಬಿಚ್ಚುವುದು, ಅರದಿಂದ ಉಜ್ಜುವುದು, ಮತ್ತೆ ಕೂರಿಸುವುದು. ಬೆಲ್ಟು ಕೊನೆಗೆ ಸುಮ್ಮನಾಯಿತು.

ಉಳಿದದ್ದು ಕಂಡೆನ್ಸರ್. ಒಳಗಿನ ಬಿಸಿಯನ್ನು ಹೊರಗೆ ಬಿಡುವ, ಸಣ್ಣ ಸಣ್ಣ ತಗಡಿನೆಲೆಗಳ ಚೌಕಟ್ಟು ಅದು. ರೇಡಿಯೇಟರಿನ ಮುಂದೆ ಗಾಳಿಗೆ ಎದೆಕೊಟ್ಟು ಕೂರಬೇಕು. ಅಲ್ಲಿ ಜಾಗವನ್ನು ಎಂಜಿನ್ ಆಗಲೇ ತಿಂದಿತ್ತು. ಜಾಲರಿ ಕತ್ತರಿಸಿ ತೆಗೆದು, ಕಂಡೆನ್ಸರನ್ನು ಹೊರಗೇ ಕಟ್ಟಿದೆ.

ಗ್ಯಾಸ್ ತುಂಬಲು ಬಂದವನು ಲಹುರಾಬೀರಿನಲ್ಲಿ ಫ್ರಿಜ್ ರಿಪೇರಿ ಮಾಡುವವನು. ಗಾಡಿಯನ್ನು ಒಂದು ಸುತ್ತು ಹಾಕಿ, "ಅರೇ ಗುರು, ಇಸ್‌ಮೇ ಆಲೂ ರಖಬಾ ಕಾ?" ಎಂದು ನಕ್ಕ. ಆಲೂಗಡ್ಡೆಯ ಕೋಲ್ಡ್ ಸ್ಟೋರೇಜ್ ಎಂದು ತಿಳಿದಿದ್ದ. ಸುಡುಬಿಸಿಲಿನಲ್ಲಿ ಅವನನ್ನು ಒಳಗೆ ಕೂರಿಸಿ ಬಾಗಿಲು ಹಾಕಿದೆ. ಸ್ವಲ್ಪ ಹೊತ್ತಿಗೆ ಹೆಗಲ ಮೇಲಿನ ಗಮ್ಛಾ ಬಿಚ್ಚಿ ಹೊದ್ದುಕೊಂಡ.

ನಸುಕಿನಲ್ಲಿ ಹೊರಡುವುದೆಂದು ಮಾತಾಗಿತ್ತು. ಆದರೆ ಪೂಜೆಯಾಗದೆ ಮಠದ ಗಾಡಿ ಕದಲುತ್ತದೆಯೇ? ಅಜ್ಜಾರ ನಿತ್ಯಪೂಜೆ ಮುಗಿಯಬೇಕು, ಆಮೇಲೆ ಗಾಡಿಯದು. ಅಷ್ಟರಲ್ಲಿ ಮನೆಗೆ ಹೋಗಿ ಮಿಂದು ಬಂದೆ. ಗಾಡಿ ಓಡಿಸುವವನು ನಾನೇ, ಅಜ್ಜಾರ ಜೊತೆ ಗ್ರೀಸಿನ ಬಟ್ಟೆಯಲ್ಲಿ ಕೂರಲಾದೀತೆ? ಬರುವಷ್ಟರಲ್ಲಿ ಬಿಸಿಲೇರಿತ್ತು. ಗಾಡಿಯ ಮುಂಭಾಗ ಬಿಲ್ವಪತ್ರೆ, ಚೆಂಡುಹೂವಿನ ಹಾರಗಳಲ್ಲಿ ಮುಚ್ಚಿತ್ತು. ದಾರಿಯಲ್ಲಿ ಉದುರುತ್ತವೆ, ಇರಲಿ ಎಂದುಕೊಂಡೆ. ಪೂಜೆಗೆಂದು ಗಲ್ಲಿಯಿಂದ ರಸ್ತೆಗೆ ಕುರ್ಚಿಯಲ್ಲಿ ಹೊತ್ತು ತಂದಿದ್ದ ಅಜ್ಜಾರನ್ನು ಕಿಟಕಿಯ ಪಕ್ಕ ಕೂರಿಸಿದರು. ಮ್ಯಾನೇಜರು ನಡುವೆ ಕೂತರು. ಗೇರು ಬದಲಿಸಿದಾಗಲೆಲ್ಲ ಅವರ ಮೊಣಕಾಲಿಗೆ ಒಂದೇಟು.

ನಡುದಾರಿಯ ಗೋಪಿಗಂಜ್ ದಾಟುವವರೆಗೆ ಅಜ್ಜಾರು ನಿದ್ದೆ ಮಾಡಿದರು. ಆಮೇಲೆ ತಂಪು ಕಡಿಮೆಯಾಯಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹತ್ತಿತು. ಎ.ಸಿ. ಆರಿಸಿದೆ, ಕಿಟಕಿ ಇಳಿಸಬೇಕಾಯಿತು. ಧೂಳು ನುಗ್ಗಿತು, ಅಜ್ಜಾರಿಗೆ ಕೆಮ್ಮು ಶುರುವಾಯಿತು. ಬೇವಿನ ಮರದಡಿ ಗಾಡಿ ನಿಲ್ಲಿಸಿ ಹಾರಗಳನ್ನು ಸರಿಸಿದೆ.

ಕಂಡೆನ್ಸರ್ ಬೆಳ್ಳಗೆ ಗೋಡೆಯಂತಿತ್ತು. ವಿಭೂತಿ. ಅಜ್ಜಾರು ಮೂರು ಬೆರಳಿನಿಂದ ಎಳೆದಿದ್ದರು. ಅವರ ಹಿಂದೆ ಮಠದವರೆಲ್ಲರೂ ಸರದಿಯಲ್ಲಿ ಬಂದು ನೀರಲ್ಲಿ ಕಲಸಿ ಮೆತ್ತಿದ್ದರು. ಒಣಗಿ ಗಾರೆಯಾಗಿತ್ತು. ಗಾಳಿ ತೂರಲು ಎಳ್ಳಷ್ಟೂ ಸಂದಿಲ್ಲ.

ಬ್ರಷ್ ತೆಗೆದೆ. ಮ್ಯಾನೇಜರು ಮಣಿಕಟ್ಟು ಹಿಡಿದರು.

"ಏನ್ ಮಾಡಾಕತ್ತಿ? ಅಜ್ಜಾರ ಕೈಲೆ ಹಚ್ಚಿದ ವಿಭೂತಿನ ಬ್ರಷ್‌ಲೆ ತಿಕ್ಕತಿ?"

"ತಿಕ್ಕದಿದ್ರ ಪ್ರಯಾಗ ಇಲ್ರಿ. ತಿರುಗಿ ಕಾಶಿನೂ ಇಲ್ಲ."

"ರೇಡಿಯೇಟರಿಗೆ ನೀರು ಹಾಕು. ಅದನ್ನ ಮಾತ್ರ ಮುಟ್ಟಬ್ಯಾಡ."

ಇಬ್ಬರ ದನಿಯೂ ಏರಿತು. ಬಾಗಿಲು ತೆರೆದ ಸದ್ದಾಯಿತು. ಅಜ್ಜಾರು ಬಾನೆಟ್ಟು ಹಿಡಿದುಕೊಂಡು ಮುಂದೆ ಬಂದು, ಬಾಗಿ ನೋಡಿದರು. ಏದುಸಿರಿನಲ್ಲೇ ಕೇಳಿದರು: "ಎಷ್ಟು ಮಂದಿ ಹಚ್ಚೀರಿ?"

"ಎಲ್ಲಾರೂ, ಅಜ್ಜಾರ" ಎಂದರು ಮ್ಯಾನೇಜರು.

"ನನ್ನ ಉಬ್ಬಸ ಸಾಲದು ಅಂತ ಗಾಡಿಗೂ ತರಿಸಿದ್ರಲ್ಲೋ!"

ತಮ್ಮ ಕಮಂಡಲದ ನೀರನ್ನು ತಾವೇ ಅದರ ಮೇಲೆ ಸುರಿದರು. "ಹಚ್ಚಿದಾಂವ ನಾನು, ತೊಳದಾಂವನೂ ನಾನ. ಈಗ ತಿಕ್ಕು ತಮ್ಮಾ" ಎಂದರು. ರಸ್ತೆಬದಿಯ ಬೋರಿನ ಹಿಡಿ ಒತ್ತಿ ಮ್ಯಾನೇಜರು ಬಕೆಟ್ಟು ತುಂಬಿದರು, ನಾನು ತಿಕ್ಕಿದೆ. ಬಿಳಿ ನೀರು ಬೇವಿನ ಬೇರಿಗೆ ಹರಿಯಿತು. ಅದರಲ್ಲಿ ಬೆರಳದ್ದಿ ಮ್ಯಾನೇಜರು ಹಣೆಗೆ ಹಚ್ಚಿಕೊಂಡರು. ಮುಳ್ಳು ಇಳಿಯಿತು. ಕಿಟಕಿ ಏರಿಸಿದೆವು.

ಪ್ರಯಾಗದಲ್ಲಿ ಹಾಸಿಗೆಯಲ್ಲಿದ್ದ ಸ್ವಾಮಿಗಳು ಕಣ್ಣು ತೆರೆಯದೆ ಅಜ್ಜಾರ ಕೈ ಹಿಡಿದರು.

"ಯಾವಾಂವಲೇ ನೀ? ಇಂಥಾ ಬ್ಯಾಸಿಗ್ಯಾಗ ಕೈ ಹಿಂಗ ತಣ್ಣಗ?"

"ನಾನಲೇ" ಎಂದರು ಅಜ್ಜಾರು. ನಾನು ಹೊರಗೆ ಬಂದು ಬೆಲ್ಟು ಮುಟ್ಟಿ ನೋಡಿದೆ.

ಆ ಸ್ವಾಮಿಗಳು ಮಳೆಗಾಲ ಕಾಣಲಿಲ್ಲ. ಕಾಶಿಗೆ ಮರಳಿದ ಮೇಲೆ ಪಿಕಪ್ಪಿನ ಬಾನೆಟ್ಟಿಗೆ ಅಂಗೈಯಗಲದ ಒಂದು ತಗಡು ಬಿಗಿದು, ಹಚ್ಚುವುದಿದ್ದರೆ ಇಲ್ಲೇ ಹಚ್ಚಿ ಎಂದೆ. ಅಜ್ಜಾರು ಅದಕ್ಕೇ ಹಚ್ಚಿದರು. ಉಳಿದವರೂ ಅಷ್ಟಕ್ಕೇ ನಿಂತರು. ಅಂದಿನಿಂದ ಎ.ಸಿ. ಹಾಕಿದ ಗಾಡಿಗಳಿಗೆಲ್ಲ ಒಂದೊಂದು ತಗಡು ಬಿಗಿದೇ ಕೊಡುತ್ತೇನೆ.

ಈಗ ನನಗಿರುವುದು: ಒಂದು ಗ್ಯಾರೇಜು, ಗ್ಯಾಸ್ ತುಂಬುವ ಎರಡು ಯಂತ್ರ, ಮೂವರು ಕೆಲಸಗಾರರು, ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರಿಸುವ ಇಬ್ಬರು ಮಕ್ಕಳು, ಮತ್ತು ಪಿಕಪ್ ಗುಜರಿಗೆ ಹೋದ ದಿನ ಬಿಚ್ಚಿಟ್ಟುಕೊಂಡ ಆ ತಗಡು, ಒಂದು.