ಕಾಕು ಹಚ್ಚಿದ ಕುಂಕುಮ

ಒದ್ದೆ ಹುಲ್ಲಿನ ಮೇಲೆ ಹಾಸಿದ ಕಾರ್ಪೆಟ್ಟಿಗೆ ಒಂದು ವಾಸನೆ ಇರುತ್ತದೆ. ಅರ್ಧ ಮಣ್ಣಿನದು, ಅರ್ಧ ಗೋದಾಮಿನದು. ಕಾನ್ಫರೆನ್ಸ್ ನಡೆಸಿಕೊಡುವ ಕಂಪನಿಯಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವಳು ನಾನು. ಕಣ್ಣು ಕಟ್ಟಿ ನಿಲ್ಲಿಸಿದರೂ ಆ ವಾಸನೆಯಿಂದಲೇ ಗಾರ್ಡನ್ನಿನಲ್ಲಿ ಏನೋ ಫಂಕ್ಷನ್ ಇದೆ ಎಂದು ಹೇಳಬಲ್ಲೆ. ಹೋದ ತಿಂಗಳು ಮುಂಬಯಿಯ ಸಯನ್ನಿನ ನಮ್ಮ ಹಳೆಯ ಗಾರ್ಡನ್ನಿನ ಗೇಟಿನಲ್ಲಿ ಅದೇ ವಾಸನೆ ಬಂತು. ನಿವೃತ್ತಿಯಾದ ಮೇಲೂ ಮರೆಯದೆ ಕಂಪನಿಯವರು ನನ್ನನ್ನು ಅತಿಥಿಯೆಂದು ಕರೆದಿದ್ದರು.

ಗೇಟಿನಲ್ಲಿ ಒಂಬತ್ತು ಗಜದ ಸೀರೆ ಉಟ್ಟ ಹುಡುಗಿಯೊಬ್ಬಳು ತಟ್ಟೆ ಹಿಡಿದು ನಿಂತಿದ್ದಳು. ಬಂದ ಹೆಂಗಸರಿಗೆಲ್ಲ ಕುಂಕುಮ ಹಚ್ಚುತ್ತಿದ್ದಳು. ನನ್ನ ಸರದಿ ಬಂತು. ಅವಳ ಬೆರಳು ಮೇಲೆದ್ದಿತು, ನನ್ನ ಕೊರಳಲ್ಲಿ ಕರಿಮಣಿ ಇಲ್ಲದ್ದು ಕಣ್ಣಿಗೆ ಬಿತ್ತು, ಬೆರಳು ಕೆಳಗಿಳಿಯಿತು. "ಆಂಟಿ, ಆಪ್ ಕೇ ಲಿಯೇ ರೋಜ್" ಎಂದು ನಗುತ್ತಲೇ ಗುಲಾಬಿ ಕೊಟ್ಟಳು.

ನಮ್ಮವರು ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ಸಿಟ್ಟು ಬಂದದ್ದು ಆ ಹುಡುಗಿಯ ಮೇಲಲ್ಲ. ಅವಳಿಗೆ ಟ್ರೇನಿಂಗಿನಲ್ಲಿ ಹಾಗೇ ಹೇಳಿಕೊಟ್ಟಿದ್ದರಂತೆ. ಆದರೆ ಅಯ್ಯೋ ದೇವರೇ, ಈ ಸ್ವಾಗತ ಇದೇ ಗಾರ್ಡನ್ನಿನಲ್ಲಿ ಹೇಗೆ ಶುರುವಾಯಿತು ಅಂತ ಇವರಲ್ಲಿ ಒಬ್ಬರಿಗಾದರೂ ಗೊತ್ತೇ? ಶುರು ಮಾಡಿದವರು ನಮ್ಮ ಕಾಕು. ಕಾಕು ವಿಧವೆ.

ಕಾಕು ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯವರು, ಧಾರವಾಡದ ಕಡೆಯವರು. ಕಾಕು ಅಂದರೆ ಆ ಕಡೆ ಚಿಕ್ಕಮ್ಮ; ನಮಗಷ್ಟೇ ಅಲ್ಲ, ಪಕ್ಕದ ಗುಜರಾತಿಗಳಿಗೂ ತಮಿಳರಿಗೂ ಅವರು ಕಾಕುವೇ. ಗಂಡ ಕುರ್ಲಾದ ಒಂದು ಕಾರ್ಖಾನೆಯಲ್ಲಿದ್ದರಂತೆ. ಒಂದು ಸಂಜೆ ಎಲ್ಲರ ಗಂಡಂದಿರೂ ಲೋಕಲ್ ರೈಲು ಇಳಿದು ಬಂದರು, ಅವರು ಬರಲಿಲ್ಲ. ಕಾಕುವಿಗೆ ಆಗ ಸಣ್ಣ ವಯಸ್ಸು. ಅತ್ತೆಯಾದಾಕೆ ಕಾಕುವಿನ ಕೈಗುಣವೇ ಕೆಟ್ಟದ್ದೆಂದು ಬಂದವರಿಗೆಲ್ಲ ಹೇಳಿದಳಂತೆ. ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು, ಆ ಮಾತು ಮಾತ್ರ ಕಾಕುವಿನ ತಲೆಯಿಂದ ಹೋಗಿರಲಿಲ್ಲ.

ಸಂಕ್ರಾಂತಿ ಬಂತೆಂದರೆ ಅವರೇ ಕುಸುರೆಳ್ಳು ಮಾಡಬೇಕು. ಸಣ್ಣ ಉರಿಯಲ್ಲಿ ಎಳ್ಳಿಗೆ ಪಾಕ ಹನಿಸುತ್ತ, ಬೆರಳಿನಿಂದ ಆಡಿಸುತ್ತ ಕೂತರೆ ಸೊಂಟ ಬಿದ್ದುಹೋಗುವ ಕೆಲಸ. ಮುಳ್ಳು ಮುಳ್ಳಾಗಿ ಬಂದ ಆ ಬಿಳಿ ಕಾಳುಗಳನ್ನು ತಗೊಂಡು ಬಿಲ್ಡಿಂಗಿನ ಮುತ್ತೈದೆಯರು ಸಂಜೆ ಗಾರ್ಡನ್ನಿಗೆ ಹೋಗುತ್ತಿದ್ದರು. ನಮ್ಮ ಮನೆಗಳಲ್ಲಿ ಹತ್ತು ಜನ ಕೂರಲೂ ಜಾಗವಿರಲಿಲ್ಲ, ಹೀಗಾಗಿ ಅರಿಶಿನ ಕುಂಕುಮವೆಲ್ಲ ಅಲ್ಲೇ ಜಮಖಾನೆಯ ಮೇಲೆ. ಕಾಕು ಮಾತ್ರ ದೂರದ ಬೆಂಚಿನ ಮೇಲೆ ಕೂತು ಎಲ್ಲರ ಚಪ್ಪಲಿ, ಪರ್ಸು ಕಾಯುತ್ತಿದ್ದರು. ದೂರ ಕೂಡ್ರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಹತ್ತಿರ ಬರ್ರಿ ಅಂತಲೂ ಹೇಳಿರಲಿಲ್ಲ. ಹರಟುತ್ತ ನಗುವ ಸ್ವಭಾವ ಅವರದು, ಆದರೆ ಕುಂಕುಮದ ಭರಣಿ ಸುತ್ತು ಹೊರಟಿತೆಂದರೆ ಅವರ ಮಾತು ನಿಂತು ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು...

ಒಂದು ವರ್ಷ ನಮ್ಮ ಕಂಪನಿಗೆ ನರ್ಸುಗಳ ದೊಡ್ಡ ಕಾನ್ಫರೆನ್ಸ್ ಸಿಕ್ಕಿತ್ತು. ಬೇರೆ ಬೇರೆ ದೇಶದವರು. ಎರಡು ದಿನದಿಂದ ಏಸಿ ಹಾಲಿನಲ್ಲಿ ಕೂತು ಕೂತು ಅವರ ಮುಖಗಳು ಬಾಡಿದ್ದವು. ಊಟವಾದ ಮೇಲಂತೂ ಅರ್ಧ ಸಭೆ ತೂಕಡಿಸುತ್ತಿತ್ತು. ರಸ್ತೆ ದಾಟಿದರೆ ಗಾರ್ಡನ್ ಇದೆ, ಸಂಜೆಯ ಚಹಾ ಅಲ್ಲಿ ಕೊಡೋಣ, ಮರದ ಕೆಳಗೆ ಕೂತು ಮಾತಾಡಿಕೊಳ್ಳಲಿ ಎಂದು ನಾನು ಹಟ ಹಿಡಿದೆ. "ಮಚ್ಛರ್ ಕಾಟೇಂಗೇ!" ಎಂದು ಸೊಳ್ಳೆಗಳ ಹೆದರಿಕೆ ಹಾಕಿದ ಬಾಸು, ಏನಾದರೂ ಎಡವಟ್ಟಾದರೆ ಜವಾಬ್ದಾರಿ ನಿನ್ನದೇ ಅಂತಲೂ ಹೇಳಿದ. ವಾರ್ಡ್ ಆಫೀಸಿನವರು ಪರವಾನಗಿ ಕೊಟ್ಟರು. ಜನರನ್ನು ತಡೆಯಬಾರದು ಎನ್ನುವುದೊಂದೇ ಅವರ ಷರತ್ತು.

ಅತಿಥಿಗಳನ್ನು ಕರೆದುಕೊಂಡು ಒಳಗೆ ಕಾಲಿಟ್ಟೆ. ಅಂದು ಸಂಕ್ರಾಂತಿ ಅನ್ನುವುದೇ ಕೆಲಸದ ಗಡಿಬಿಡಿಯಲ್ಲಿ ನನಗೆ ಮರೆತಿತ್ತು. ನೋಡಿದರೆ ನಮ್ಮ ಬಿಲ್ಡಿಂಗಿನ ಹೆಂಗಸರು ನಟ್ಟನಡುವೆ ಜಮಖಾನೆ ಹಾಸಿಕೊಂಡು ಕೂತಿದ್ದಾರೆ! ಬಾಸು ನನ್ನನ್ನು ಹುರಿದು ಮುಕ್ಕುವ ಹಾಗೆ ನೋಡಿದ. ಆದರೆ ನಮ್ಮ ಹೆಂಗಸರು ಬಂದವರನ್ನು ಬರಿಗೈಲಿ ಕಳಿಸುವವರೇ? "ಬರ್ರಿ, ಕೂಡ್ರಿ!" ಎಂದು ಅಚ್ಚ ಕನ್ನಡದಲ್ಲೇ ಕರೆದು, ಅವರ ಅಂಗೈಗೆ ಕುಸುರೆಳ್ಳು ಸುರಿದರು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲಧಾಂಗ ಇರೂಣು" ಎಂದರು. ಎರಡು ದಿನ ಫೈಲಿನಲ್ಲಿ ಮುಖ ಹುದುಗಿಸಿಕೊಂಡಿದ್ದ ನರ್ಸುಗಳು ಬೂಟು ಕಳಚಿ ಹುಲ್ಲಿನ ಮೇಲೆ ಕೂತರು. ತಮ್ಮ ತಮ್ಮಲ್ಲೂ ಮಾತಾಡತೊಡಗಿದರು. ಯಾರೋ ಹಾಡಿದರು. ಬಾಸಿನ ಮುಖವೂ ಸಡಿಲವಾಯಿತು.

ನಾನು ಉಸಿರು ಬಿಡುವಷ್ಟರಲ್ಲಿ ಅದು ನಡೆಯಿತು.

ನಾರ್ವೆಯ ಒಬ್ಬ ಎತ್ತರದ ನರ್ಸಿಗೆ ಜಮಖಾನೆಯ ಮೇಲೆ ಜಾಗ ಸಿಗಲಿಲ್ಲ. ಆಕೆ ಹೋಗಿ ಕಾಕುವಿನ ಬೆಂಚಿನಲ್ಲಿ ಕೂತಳು. ಪಕ್ಕದ ಚೀಲದಲ್ಲಿ ಇನ್ನೊಂದು ಕುಂಕುಮದ ಭರಣಿ ಇತ್ತು. ಆಕೆ ಅದನ್ನು ತೋರಿಸಿ, ಹಣೆಯ ಮೇಲಿನ ಕೂದಲು ಹಿಂದೆ ಸರಿಸಿ, ಕಾಕುವಿನ ಮುಂದೆ ತಲೆ ಬಾಗಿಸಿದಳು. ಕಾಕು ನನ್ನ ಕಡೆ ನೋಡಿದರು. ಅವರ ಉಂಗುರದ ಬೆರಳು ಭರಣಿಗೆ ಹೋಯಿತು, ಆಮೇಲೆ ಆ ಹಣೆಗೆ ಹೋಯಿತು...

ಹಚ್ಚಿದರು! ನೋಡುತ್ತಿದ್ದಂತೆ ಉಳಿದ ನರ್ಸುಗಳೂ ಎದ್ದು ಬೆಂಚಿನ ಮುಂದೆ ಸಾಲು ನಿಂತರು. ಕಾಕು ಒಬ್ಬರಾದ ಮೇಲೆ ಒಬ್ಬರಿಗೆ ಹಚ್ಚುತ್ತಲೇ ಹೋದರು.

"ಅಯ್ಯ ಶಿವನ! ಕಾಕೂ, ಏನ್ ಮಾಡಾಕತ್ತೀರಿ?" ಎಂದು ಬಿಲ್ಡಿಂಗಿನ ಸೆಕ್ರೆಟರಿಯ ಹೆಂಡತಿ ಚೀರಿದಳು. ಬಾಸು ಮಾತ್ರ ಓಡಿಬಂದು ನನ್ನ ಕೈ ಕುಲುಕಿದ. "ಕ್ಯಾ ಐಡಿಯಾ ಹೈ! ಇನ್ನ ಮೇಲೆ ಎಲ್ಲ ಕಾನ್ಫರೆನ್ಸಿಗೂ ಇದು ಬೇಕು" ಎಂದ. ಅಳಬೇಕೋ ನಗಬೇಕೋ ತಿಳಿಯಲಿಲ್ಲ ನನಗೆ.

ಆ ರಾತ್ರಿ ಕಾಕು ನನ್ನನ್ನು ಮನೆಗೆ ಕರೆಸಿದರು. ಬಿಲ್ಡಿಂಗಿನವರು ಬೈದದ್ದಕ್ಕೆ ಅತ್ತಿರಬೇಕು ಅಂದುಕೊಂಡು ಹೋದೆ. ಅದರ ಗೊಡವೆಯೇ ಇರಲಿಲ್ಲ ಅವರಿಗೆ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. "ಆ ಎತ್ತರದ ಹೆಣ್ಮಗಳ ಗಂಡ ಅರಾಮ ಇದ್ದಾನೇನು ಕೇಳಿ ಬಾರವಾ," ಎಂದು ಕೈ ಹಿಡಿದುಕೊಂಡರು. "ಉಳಿದವರು ಮದಿವಿ ಆಗದ ಹುಡುಗ್ಯಾರು ಕಾಣ್ತಾರ. ನನ್ನ ಕೈ ಛಲೋ ಅಲ್ಲ. ಅವಗ ಏನರೆ ಆದ್ರ ನಾ ಯಾವ ನೀರಿಗೆ ಬೀಳ್ಲಿ?" ನಾನು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಊಟವನ್ನೂ ಮುಟ್ಟಲಿಲ್ಲ.

ಮರುದಿನ ಹೋಟೆಲಿನಲ್ಲಿ ತಿಂಡಿಯ ಹೊತ್ತಿಗೆ ಆ ನಾರ್ವೆಯಾಕೆಯನ್ನು ಹಿಡಿದೆ. ಪರದೇಶದ ಹೆಂಗಸಿಗೆ ಇದನ್ನು ಹೇಗೆ ಕೇಳುವುದು? ಹಾಗೂ ಹೀಗೂ ನಾಚಿಕೆ ಬಿಟ್ಟು, ನಿಮ್ಮ ಯಜಮಾನರು ಚೆನ್ನಾಗಿದ್ದಾರಾ ಎಂದೆ. ಆಕೆ ಕಪ್ಪು ಕೆಳಗಿಟ್ಟಳು. ಅವರು ತೀರಿಕೊಂಡು ಬಹಳ ವರ್ಷವಾಯಿತು ಎಂದಳು. ನಿನ್ನೆ ಹಚ್ಚಿದವರೂ ವಿಧವೆ, ಹಚ್ಚಿಸಿಕೊಂಡವಳೂ ವಿಧವೆ!

ಓಡುತ್ತ ಬಂದು ಕಾಕುವಿಗೆ ಹೇಳಿದೆ. ಅವರು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದರು. ಆಮೇಲೆ ನಗು ಬಂತು ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು ಸುಧಾರಿಸಿಕೊಂಡು, ಸಣ್ಣ ಹುಡುಗಿಯ ಹಾಗೆ ಅಂದರು: "ಹಂಗಾದ್ರ ನಾನೂ ಆಕಿ ಕೈಲೆ ಹಚ್ಚಿಸ್ಕೋಬಹುದಿತ್ತಲ್ಲ! ಯಾರಿಗೂ ಏನೂ ಆಗ್ತಿರ್ಲಿಲ್ಲ. ಕರಕೊಂಡ ಬಾ ಆಕಿನ್ನ."

ನರ್ಸುಗಳ ಬಸ್ಸಿನ ಡ್ರೈವರಿಗೆ ಫೋನು ಹಚ್ಚಿದೆ. ಬಸ್ಸು ಏರ್‌ಪೋರ್ಟಿನ ದಾರಿ ಹಿಡಿದಾಗಿತ್ತು.

ಕಾಕುವಿನ ಮುಖ ಇಳಿದದ್ದು ನೋಡಲಾಗದೆ, "ನಾ ಹಚ್ಚತೀನಿ ತಡೀರಿ" ಎಂದು ದೇವರ ಮುಂದಿನ ಕುಂಕುಮಕ್ಕೆ ಕೈ ಹಾಕಿದೆ. ಅವರು ನನ್ನ ಕೈ ಮೇಲೆ ಚಟ್ಟನೆ ಹೊಡೆದರು. "ಹುಚ್ಚೀ! ನಿನ್ನ ಗಂಡ ಸಂಜೀಕ ಮನಿಗೆ ಬರಬೇಕಲ್ಲ!" ಎಂದರು. ಹೊಡೆತಕ್ಕಿಂತ ಆ ಮಾತು ನನಗೆ ಜೋರಾಗಿ ತಾಗಿತು. ಹಾಗಾದರೆ ಎರಡನೇ ಮಾಳಿಗೆಯ ಅಜ್ಜಿ ಇದ್ದಾರಲ್ಲ, ಅವರೂ ಗಂಡ ಇಲ್ಲದವರೇ, ಅವರನ್ನು ಕೇಳೋಣ ಎಂದೆ. "ಅಕಿ ಕೇಳಿದ್ರನ ಎದಿ ಒಡಕೊಂಡು ಸಾಯ್ತಾಳ, ಸುಮ್ನಿರು" ಎಂದು ಮತ್ತೆ ನಕ್ಕರು. ಈ ಸಲದ ನಗು ಬೇಗ ಮುಗಿಯಿತು.

ಆಮೇಲೂ ಪ್ರತಿ ಸಂಕ್ರಾಂತಿಗೆ ನಾ ಹಚ್ಚಲೇನು ಎಂದು ನಾನು ಕೇಳುತ್ತಿದ್ದೆ, ಅವರು ನನ್ನವರ ಆರೋಗ್ಯ ವಿಚಾರಿಸಿ ಮಾತು ಹಾರಿಸುತ್ತಿದ್ದರು. ಕಂಪನಿಯವರು ಗಾರ್ಡನ್ನಿನಲ್ಲಿ ಚಹಾ, ಕವಿಗೋಷ್ಠಿ, ಬೆಳಗಿನ ವಾಕಿಂಗು, ಕಡೆಗೆ ಈ ಕುಂಕುಮದ ಸ್ವಾಗತ ಎಲ್ಲವನ್ನೂ ರೂಢಿ ಮಾಡಿದರು. ಒಳ್ಳೆಯದೇ ಆಯಿತು, ಜನ ಅಲ್ಲಿ ಜನರಂತೆ ಮಾತಾಡುತ್ತಾರೆ. ಕಾಕು ಮಾತ್ರ ಆ ಬೆಂಚಿಗೆ ಮತ್ತೆ ಬರಲಿಲ್ಲ. ಮೂರನೇ ಮಾಳಿಗೆಯಲ್ಲೇ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಬಿಲ್ಡಿಂಗಿನ ಹೆಂಗಸರೆಲ್ಲ ಸೇರಿ ಅವರನ್ನು ಸಿಂಗರಿಸಿದರು. ಹಣೆಗೆ ವಿಭೂತಿ ಹಚ್ಚಿದರು. ನಾನು ಮೂಲೆಯಲ್ಲಿ ನಿಂತಿದ್ದೆ, ನಮ್ಮವರು ನನ್ನ ಪಕ್ಕದಲ್ಲಿ ಗಟ್ಟಿಮುಟ್ಟಾಗಿ ನಿಂತಿದ್ದರು...

ಹೋದ ತಿಂಗಳು ಆ ಹುಡುಗಿಗೆ ಗುಲಾಬಿ ವಾಪಸು ಕೊಟ್ಟೆ. ತಟ್ಟೆಯೊಳಗೆ ಬೆರಳದ್ದಿ ನಾನೇ ಹಚ್ಚಿಕೊಂಡೆ. ಹುಡುಗಿ ಕಣ್ಣು ಅಗಲಿಸಿ, "ಸಾರಿ ಆಂಟಿ, ಸಾರಿ" ಎಂದಳು. ಇರಲಿ ಬಿಡು ಮಗಳೇ ಎಂದು ಒಳಗೆ ಹೋಗಿ ಕೂತೆ. ವೇದಿಕೆಯ ಮೇಲೆ ಯಾರೋ ಏನೋ ಮಾತಾಡುತ್ತಿದ್ದರು. ನನ್ನ ಕಿವಿಗೆ ಏನೂ ಬೀಳಲಿಲ್ಲ. ಬೆರಳ ತುದಿಯಲ್ಲಿ ಇನ್ನೂ ಕುಂಕುಮ ಉಳಿದಿತ್ತು. ಸಂಜೆಗೆ ಮನೆಗೆ ಬರಬೇಕಾದವರು ನನಗೀಗ ಯಾರೂ ಇಲ್ಲ. ಈಗ ನಾನು ಹಚ್ಚಿದರೆ ಕಾಕು ಬೇಡವೆನ್ನುತ್ತಿರಲಿಲ್ಲ.