ಇನ್‌ಸ್ಪೆಕ್ಷನ್‌ಗೆ ತಿಕ್ಕಿದ ರಾಟೆ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ವಾಸನೆ ಬಂದರೆ ನಾನು ಈಗಲೂ ಎದ್ದು ಹೊರಗೆ ಹೋಗುತ್ತೇನೆ. ಉಳಿದವರಿಗೆ ಆ ವಾಸನೆಯಿಂದ ಹಬ್ಬ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ಆಗ ಪುಣೆಯ ಹತ್ತಿರದ ನಿಗಡಿ ಅರ್ಧ ಹೊಲ, ಅರ್ಧ ಕಟ್ಟಡ. ನಾನು ಮೂರು ಕೋಣೆಗಳ ಕನ್ನಡ ಶಾಲೆಯೊಂದರಲ್ಲಿ ಏಳನೆಯ ತರಗತಿ.

ಶಾಲೆಯಲ್ಲಿ ಒಂದು ಗಾಜಿನ ಕಪಾಟು ಇತ್ತು. ಒಳಗೆ ಹಿತ್ತಾಳೆಯ ರಾಟೆ, ಸ್ಪ್ರಿಂಗ್ ತಕ್ಕಡಿ, ತೂಕದ ಕಲ್ಲುಗಳು, ಒಂದು ಇಳಿಜಾರು ಹಲಗೆ. ಚಲನೆ, ಬಲ, ಶಕ್ತಿ ಎಲ್ಲವೂ ಅಲ್ಲೇ ಬೀಗ ಹಾಕಿಸಿಕೊಂಡು ಕೂತಿದ್ದವು. ವಿಜ್ಞಾನ ಕಲಿಸುತ್ತಿದ್ದವರು ಹೆಡ್‌ಮಾಸ್ತರರು. ಕಲಿಸುವುದೆಂದರೆ ಅವರು ಪುಸ್ತಕ ಓದುವುದು, ನಾವು ಕೂಗುವುದು. ಸ್ಥಿರ ರಾಟೆಯಲ್ಲಿ ಹಾಕುವ ಬಲ ಎತ್ತುವ ಭಾರಕ್ಕೆ ಸಮ ಎಂದು ನಾನು ನಿದ್ದೆಯಲ್ಲೂ ಹೇಳುತ್ತಿದ್ದೆ. ರಾಟೆ ತಿರುಗಿದ್ದನ್ನು ಮಾತ್ರ ನೋಡಿರಲಿಲ್ಲ.

ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್ ಬರುವಾಗ ಬೀಗ ತೆಗೆಯುತ್ತಿದ್ದರು, ಅದೂ ತಿಕ್ಕಲಿಕ್ಕೆ. ಹುಡುಗರು ಅಂಗಳದಲ್ಲಿ ಲಗೋರಿ ಆಡುತ್ತಿದ್ದರೆ ಹುಡುಗಿಯರು ನಲ್ಲಿಯ ಹತ್ತಿರ ಕೂತು ಹುಣಸೆಹುಳಿಯಲ್ಲಿ ಕೈ ಸುಕ್ಕುಗಟ್ಟಿಸಿಕೊಳ್ಳುತ್ತಿದ್ದೆವು. ಹೆಡ್‌ಮಾಸ್ತರರು ಹಿಂದೆ ನಿಂತು ಹೇಳುತ್ತಿದ್ದರು: "ತಿರವಬ್ಯಾಡ್ರಿ. ಬರೇ ತಿಕ್ಕ್ರಿ."

ವರ್ಷ ವರ್ಷದ ಹುಳಿಯೆಲ್ಲ ರಾಟೆಯ ನಡುವಿನ ಕಡ್ಡಿಗೆ ಇಳಿದು, ಒಣಗಿ, ಹಸಿರು ಕಿಲುಬಾಗಿತ್ತು. ಹೊರಗೆ ಮಾತ್ರ ಮುಖ ಕಾಣುವಷ್ಟು ಥಳಥಳ.

ಆ ವರ್ಷ ನಡುವೆಯೇ ಶರಣಮ್ಮ ಬಂದು ಸೇರಿದಳು. ನಮ್ಮ ಮನೆಯೆದುರು ಏಳುತ್ತಿದ್ದ ಕಟ್ಟಡಕ್ಕೆ ಯಾದಗಿರಿ ಕಡೆಯಿಂದ ಬಂದ ಕೂಲಿಯವರ ಮಗಳು. ಅಲ್ಲಿ ಆರನೆಯದು ಮುಗಿಸಿದ್ದಳು. ಆದರೆ ಶಾಲೆ ಬಿಟ್ಟ ದಾಖಲೆ ಅವಳ ಹತ್ತಿರ ಇರಲಿಲ್ಲ. ಹೆಡ್‌ಮಾಸ್ತರರು ಅವಳಪ್ಪನಿಗೆ ಹೇಳಿದ್ದು ನಾನೇ ಕೇಳಿದ್ದೆ: "ಈಗ ಸುಮ್ಮ ಕೂಡ್ಲಿ. ಇನ್‌ಸ್ಪೆಕ್ಷನ್ ಮುಗೀಲಿ, ಹೆಸರು ಹಚ್ಚೂದೋ ಬಿಡೂದೋ ಆಮ್ಯಾಲೆ ನೋಡೂಣು." ಅವಳಪ್ಪ ತಲೆಯ ಟವಲ್ಲು ತೆಗೆದು, "ಹೂನ್ರಿ ಸಾಹೇಬ್ರ," ಎಂದ. ಅಂದಿನಿಂದ ಶರಣಿ ಬಾಗಿಲ ಹತ್ತಿರ ಕೂತಳು. ಹಾಜರಿ ಕರೆಯುವಾಗ ತನ್ನ ಹೆಸರು ಬರುವುದಿಲ್ಲವೆಂದು ಗೊತ್ತಿದ್ದರೂ ಕೊನೆಯತನಕ ಕಿವಿಗೊಟ್ಟು ಕೇಳುತ್ತಿದ್ದಳು.

ರವಿವಾರ ನಾನು ಅವರ ಕಟ್ಟಡಕ್ಕೆ ಓಡುತ್ತಿದ್ದೆ. ಅವಳವ್ವ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಡುತ್ತಿದ್ದಳು. ಅಲ್ಲಿ ಮೇಲಿನ ಬೊಂಬಿಗೆ ಒಂದು ಕಬ್ಬಿಣದ ರಾಟೆ ಕಟ್ಟಿದ್ದರು, ಅವರು ಅದನ್ನು ಗಡಗಡಿ ಎನ್ನುತ್ತಿದ್ದರು. ಒಮ್ಮೆ ಇಬ್ಬರೂ ಸೇರಿ ಮರಳಿನ ಬುಟ್ಟಿ ಎಳೆದೆವು, ಅಲುಗಲಿಲ್ಲ. ಶರಣಿ ಮೇಲೆ ಹತ್ತಿ, ಡಬ್ಬಿಯಲ್ಲಿದ್ದ ಕರಿ ಆಯಿಲ್ ನಾಲ್ಕು ಹನಿ ಬಿಟ್ಟು ಬಂದಳು. ಅದೇ ಬುಟ್ಟಿ ಸರಸರ ಏರಿತು.

"ನೋಡಿದ್ಯಾ? ಮರಳು ಅಷ್ಟೇ ಅದ. ಗಡಗಡಿ ಹಿಡಕೊಂಡಿತ್ತು," ಎಂದಳು.

ಏಳು ವರ್ಷದ ಶಾಲೆಯಲ್ಲಿ ನನಗೆ ಘರ್ಷಣೆಯ ಪಾಠ ಆದದ್ದು ಅಷ್ಟೇ, ಅಂಗೈ ಉರಿಯುತ್ತ.

ಇನ್‌ಸ್ಪೆಕ್ಷನ್ ಸಾಹೇಬರು ಮರಾಠಿಯವರು, ಕನ್ನಡ ಬಾರದು. ಮುಂಬಯಿ ಕಡೆಯಿಂದ ಬರುತ್ತ ಲೋಣಾವಳಾದಲ್ಲಿ ಚಿಕ್ಕಿ ಕೊಂಡು ಜೇಬಿಗೆ ಹಾಕಿಕೊಂಡಿದ್ದರು. ಹೆಡ್‌ಮಾಸ್ತರರು ತರಿಸಿದ್ದ ಬಾಕರವಡಿಯನ್ನು ತಿನ್ನುತ್ತಲೇ ತರಗತಿಗೆ ಬಂದರು. ಮೀಸೆಯಲ್ಲಿ ಪುಡಿ, ಬೆರಳಲ್ಲಿ ಎಣ್ಣೆ. ಹೆಡ್‌ಮಾಸ್ತರರು ರಾಟೆಯನ್ನು ಕೊಕ್ಕೆಗೆ ತೂಗುಹಾಕಿ, ದಾರದ ಒಂದು ತುದಿಗೆ ಅರ್ಧ ಕಿಲೋ ಕಲ್ಲು, ಇನ್ನೊಂದಕ್ಕೆ ತಕ್ಕಡಿ ಕಟ್ಟಿದರು. ಸಾಹೇಬರು ಬಾಗಿಲ ಹತ್ತಿರ ಕೂತಿದ್ದವಳನ್ನೇ ಬೊಟ್ಟು ಮಾಡಿ ಕರೆದರು.

ಶರಣಿ ಮೆಲ್ಲಗೆ ಎಳೆದಳು. ಕಲ್ಲು ಏಳಲಿಲ್ಲ. ಇನ್ನಷ್ಟು ಎಳೆದಾಗ ರಾಟೆ ಕಿರ್ರೆಂದಿತು, ಕಲ್ಲು ಎದ್ದಿತು.

"ಎಷ್ಟು ತೋರಸ್ತದ, ಹೇಳು," ಎಂದರು ಹೆಡ್‌ಮಾಸ್ತರರು.

"ಏಳ್ನೂರು ಅದರೀ ಸರ್."

"ಐನೂರು."

"ಇಲ್ರಿ, ಏಳ್ನೂರು ಅದ. ಗಡಗಡಿ ಹಿಡಕೊಂಡದರೀ. ಎರಡು ಹನಿ ಎಣ್ಣಿ ಬಿಡ್ರಿ, ಸರಳ ತಿರಗತದ."

ಹೆಡ್‌ಮಾಸ್ತರರು ಸಾಹೇಬರ ಕಡೆ ತಿರುಗಿ ನಕ್ಕು, ಐನೂರೆಂದು ಮರಾಠಿಯಲ್ಲಿ ಹೇಳಿದರು: "ಪಾಚಶೇ, ಸಾಹೇಬ." ಆದರೆ ಹುಡುಗಿ ತಲೆಯಾಡಿಸುತ್ತ ರಾಟೆ ತೋರಿಸುತ್ತಿದ್ದುದು ಸಾಹೇಬರಿಗೆ ಕಂಡಿತ್ತು. ಎದ್ದು ಬಗ್ಗಿ ತಕ್ಕಡಿಯ ಮುಳ್ಳು ನೋಡುವಷ್ಟು ಕಷ್ಟ ಅವರು ತೆಗೆದುಕೊಳ್ಳಲಿಲ್ಲ. ನೀನು ಹೇಳು, ಎಷ್ಟು ಎಂದು ಮೊದಲ ಸಾಲಿನಲ್ಲಿದ್ದ ನನ್ನನ್ನು ಕೇಳಿದರು: "ಬಾಳ, ತೂ ಸಾಂಗ. ಕಿತಿ?"

ನನಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಏಳುನೂರು ಎನ್ನಲು ಬರುತ್ತಿತ್ತು, ಯಾಕೆ ಏಳುನೂರು ಎಂದು ಹೇಳಲೂ ಬರುತ್ತಿತ್ತು. ಮುಳ್ಳು ನನ್ನ ಮೂಗಿನ ಮುಂದೆಯೇ ಇತ್ತು. ನಾನು ಹೆಡ್‌ಮಾಸ್ತರರ ಮುಖ ನೋಡಿ, "ಪಾಚಶೇ," ಎಂದೆ.

"ಶಾಬ್ಬಾಸ್," ಎಂದು ಸಾಹೇಬರು ಜೇಬಿನಿಂದ ಒಂದು ತುಂಡು ಚಿಕ್ಕಿ ತೆಗೆದು ಅದೇ ಬೆರಳಲ್ಲಿ ಕೊಟ್ಟರು. ಅದಕ್ಕೆ ತಂಬಾಕಿನ ಪುಡಿ ಅಂಟಿತ್ತು. ಎಲ್ಲರೆದುರು ಬಾಯಿಗೆ ಹಾಕಿಕೊಂಡೆ. ಉಗುಳಬಹುದಿತ್ತು. ನುಂಗಿದೆ.

ಜೀಪು ಹೋದ ಮೇಲೆ ಹೆಡ್‌ಮಾಸ್ತರರು ಶರಣಿಯ ರಟ್ಟೆ ಹಿಡಿದು ಮೆಟ್ಟಿಲಿಗೆ ತಂದು ಬಿಟ್ಟರು. "ಶಾಲಿ ಮರ್ಯಾದಿ ಕಳಿಲಿಕ್ಕೆ ಬಂದೀಯೇನು? ನಿನ್ನ ಹೆಸರು ಹಚ್ಚೂದಿಲ್ಲ. ನಿಮ್ಮಪ್ಪಗ ಹೇಳು." ಅವರ ಮೇಲೆ ನನಗೆ ಅಂದು ಹುಟ್ಟಿದ ಹೇಸಿಗೆ ಇಂದಿಗೂ ಹೋಗಿಲ್ಲ. ಸತ್ತರೆಂದು ತಿಳಿದಾಗಲೂ ಹೋಗಲಿಲ್ಲ. ಶರಣಿ ಅಳಲಿಲ್ಲ. ಪಾಟಿಚೀಲ ಹೆಗಲಿಗೆ ಹಾಕಿಕೊಂಡು ನನ್ನನ್ನು ಕೇಳಿದಳು:

"ನೀನೂ ನೋಡಿದ್ಯಲ್ಲ?"

ನಾನು ಒಳಗೆ ಹೋಗಿ ನನ್ನ ಸಾಲಿನಲ್ಲಿ ಕೂತೆ. ಮುಂದಿನ ರವಿವಾರ ಆ ಕಟ್ಟಡದ ಕಡೆ ಹೋಗಲಿಲ್ಲ. ಬೇಸಿಗೆಯ ಹೊತ್ತಿಗೆ ಕೆಲಸ ಮುಗಿದು ಅವರೆಲ್ಲ ಎಲ್ಲಿಗೋ ಹೋಗಿದ್ದರು.

ಮುಂದೆ ನಾನೇ ವಿಜ್ಞಾನದ ಟೀಚರ್ ಆದೆ. ನನ್ನ ಕಪಾಟಿಗೆ ಬೀಗ ಹಾಕಲಿಲ್ಲ, ರಾಟೆಯ ಪಕ್ಕದಲ್ಲಿ ಎಣ್ಣೆಯ ಬಾಟಲಿ ಇಟ್ಟೆ. ಆದರೂ ಮಕ್ಕಳು ದಾರ ಕೈಯಲ್ಲಿ ಹಿಡಿದು, ಮುಳ್ಳು ನೋಡುವ ಮೊದಲೇ ಕೇಳುತ್ತಿದ್ದರು: "ಟೀಚರ್, ಎಷ್ಟು ಬರಬೇಕು?" ನನಗೆ ಅಸಹ್ಯವಾಗುತ್ತಿತ್ತು. ಗದರಿಸಲು ಬಾಯಿ ತೆರೆದರೆ ಆ ಚಿಕ್ಕಿಯ ರುಚಿ ಬರುತ್ತಿತ್ತು.

ಎಷ್ಟು ಬಂತೋ ಅಷ್ಟನ್ನೇ ಹೇಳಿದ ಹುಡುಗಿಯನ್ನು ನಾನು ಒಬ್ಬಳನ್ನೇ ಕಂಡೆ. ಅವಳ ಹೆಸರು ಆ ಶಾಲೆಯ ಹಾಜರಿ ಪುಸ್ತಕದಲ್ಲಿಲ್ಲ.